ಬಾಡಿಗೆ ಮನೆ ನೋಡಲು ನಳ ಬರುವ ದಿನವೇ ಹೋಗಿ

ಪ್ರಶ್ನೆ: ನಾವು ದಾವಣಗೆರೆಯವರು. ಯಜಮಾನರಿಗೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸವಾಗಿದೆ, ಪಾಳಿ ಡ್ಯೂಟಿ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಅತ್ತೆಯವರಿಗೆ 71 ವರ್ಷ. ಮಗಳು ಆರನೇ ತರಗತಿಗೆ, ಮಗ ಒಂದನೇ ತರಗತಿಗೆ ಹೋಗಬೇಕು. ಧಾರವಾಡದಲ್ಲಿ ಎರಡು ಮನೆ ನೋಡಿ ಬಂದೆವು. ಒಂದು ಮೊದಲ ಮಹಡಿ, ಚಿಕ್ಕದು, ಬಾಡಿಗೆ 12,000. ಅಲ್ಲಿ 24 ತಾಸು ನೀರು ಅಂದರು. ಇನ್ನೊಂದು ನೆಲಮಹಡಿ, ದೊಡ್ಡದು, ಅಂಗಳವಿದೆ, 9,000. ‘ಐದ ದಿನಕ್ಕೊಮ್ಮಿ ನಳ ಬರ್ತಾವ, ಬೋರ್ ಐತಿ, ನೀರಿಗೇನ ತ್ರಾಸ ಇಲ್ರೀ’ ಅಂದರು ಮಾಲೀಕರು. ತಿಂಗಳಿಗೆ ಮೂರು ಸಾವಿರ ಉಳಿಸುವುದೋ ಬೇಡವೋ? ಕರೆಂಟು, ಶಾಲೆಯ ವಿಷಯದಲ್ಲೂ ಏನೇನು ವಿಚಾರಿಸಬೇಕು ತಿಳಿಸಿ.

ಉತ್ತರ: ತಂಗಿ, ನಾನು ಮೂವತ್ತು ವರ್ಷಕ್ಕೂ ಮೇಲೆ ನೀರು ಸರಬರಾಜಿನಲ್ಲೇ ದುಡಿದವನು. ಹಾಗಾಗಿ ನೀರಿನ ಬಗ್ಗೆ ಹೇಳುವುದನ್ನು ಹಾಗೇ ತೊಗೊಳ್ರಿ, ಶಾಲೆಯ ಬಗ್ಗೆ ಹೇಳುವುದನ್ನು ಸ್ವಲ್ಪ ಸೋಸಿ ಕುಡೀರಿ.

ಮೊದಲು ಆ ಮಾಲೀಕರ ಮಾತು. ಅವರು ಸುಳ್ಳು ಹೇಳಿಲ್ಲ. ಇಲ್ಲಿ ಐದು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಹುಟ್ಟಿ ಬೆಳೆದವರಿಗೆ ಅದು ತ್ರಾಸವೇ ಅಲ್ಲ. ಗದಗ-ಬೆಟಗೇರಿಯವರು ಓದಿದರೆ ಐದು ದಿನ ಎಂಬುದು ಅವರಿಗೆ ಹಬ್ಬದಂತೆ ಕಂಡೀತು. ನೀವು ನಲ್ಲಿ ಅನ್ನುತ್ತೀರಿ, ಇಲ್ಲಿ ನಳ. ‘ನೀರು ಬಂತು’ ಅನ್ನುವುದಕ್ಕಿಂತ ‘ನಳ ಬಂದ್ವು’ ಅನ್ನುವುದೇ ಹೆಚ್ಚು. ಆ ಮಾತು ಕಿವಿಗೆ ಬಿದ್ದ ಕೂಡಲೇ ಓಣಿಯ ಪ್ರತಿ ಮನೆಯಲ್ಲೂ ಕೊಡ, ಪೈಪು, ಮೋಟಾರು ಎದ್ದು ನಿಲ್ಲುತ್ತವೆ. ಆದ್ದರಿಂದ ಧಾರವಾಡದಲ್ಲಿ ನೀರು ಹೇಗಿದೆ ಎಂದು ಊರನ್ನು ಕೇಳಿ ಪ್ರಯೋಜನವಿಲ್ಲ. ಆ ಓಣಿಯಲ್ಲಿ, ಆ ಮನೆಯಲ್ಲಿ ಹೇಗಿದೆ ಎಂದೇ ಕೇಳಬೇಕು. ಒಂದೇ ರಸ್ತೆಯ ಎಡಗಡೆಯವರಿಗೆ ಹಗಲು-ರಾತ್ರಿ ನೀರು, ಬಲಗಡೆಯವರಿಗೆ ವಾರದ ಲೆಕ್ಕ. ಇಂಥದ್ದು ಇಲ್ಲಿ ಹೊಸತಲ್ಲ.

ಯಾಕೆ ಹೀಗೆ? ಹುಬ್ಬಳ್ಳಿ-ಧಾರವಾಡ ಅವಳಿನಗರದ ನೀರು ಬಹುಪಾಲು ಬರುವುದು ಮಲಪ್ರಭೆಯಿಂದ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿಗೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಅದೇ ರೇಣುಕಾಸಾಗರ. ತುಂಬಿದರೆ 37.73 ಟಿಎಂಸಿ. ಅದರಲ್ಲಿ ನೀರಾವರಿಗೇ ಹೆಚ್ಚು, ನಮ್ಮ ಪಾಲು ಸಣ್ಣದು. ಹುಬ್ಬಳ್ಳಿಗೆ ಇನ್ನೊಂದು ಆಸರೆ ಕಲಘಟಗಿ ತಾಲೂಕಿನ ನೀರಸಾಗರ, 1950ರ ದಶಕದ್ದು. ಅದು ಮಳೆಯನ್ನೇ ನಂಬಿದ ಕೆರೆ, ಬರ ಬಿದ್ದ ವರ್ಷ ತಳ ಕಾಣುತ್ತದೆ.

ಇನ್ನು ಎತ್ತರದ ಲೆಕ್ಕ ನೋಡಿ. ರೇಣುಕಾಸಾಗರ ತುಂಬಿ ನಿಂತಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,079.5 ಅಡಿ. ಧಾರವಾಡ ಕೂತಿರುವುದು ಸುಮಾರು 2,400 ಅಡಿಯ ಗುಡ್ಡಗಳ ಮೇಲೆ. ಅಂದರೆ ನೀವು ಕುಡಿಯುವ ಒಂದೊಂದು ಕೊಡವನ್ನೂ ಯಾರೋ ಮುನ್ನೂರು ಅಡಿ ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ, ಊರಿಗೆ ತಂದು ಮುಟ್ಟಿಸಬೇಕು. ಆ ಯಾರೋ ಅಂದರೆ ಕರೆಂಟು. ಸವದತ್ತಿಯ ಕಡೆ ಗಾಳಿ-ಮಳೆಗೆ ಲೈನು ಹರಿದರೆ, ನಿಮ್ಮ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಎರಡು ದಿನ ಬಿಟ್ಟು ನಳ ತಪ್ಪುತ್ತದೆ. ‘ಇವತ್ತ ಪಾಳಿ ಇತ್ತು, ಬರಲಿಲ್ಲ’ ಎಂದು ಜನ ವಾಲ್‌ಮನ್‌ಗೆ ಬೈಯುತ್ತಾರೆ. ಅವನ ಕೈಯಲ್ಲಿರುವುದು ಕಬ್ಬಿಣದ ಚಾವಿ ಒಂದೇ.

ಟ್ಯಾಂಕಿನಲ್ಲಿ ಇದ್ದಷ್ಟು ನೀರನ್ನು ಅವನು ಒಂದು ಓಣಿಯ ವಾಲ್ವು ತಿರುಗಿಸಿ ಎರಡು-ಮೂರು ತಾಸು ಬಿಡುತ್ತಾನೆ, ಮುಚ್ಚುತ್ತಾನೆ, ಇನ್ನೊಂದು ಓಣಿಗೆ ಹೋಗುತ್ತಾನೆ. ಸುತ್ತು ಮುಗಿದು ನಿಮ್ಮ ಪಾಳಿ ಮತ್ತೆ ಬರುವುದರೊಳಗೆ ಐದು ದಿನ. ಬಿಟ್ಟ ಎರಡು ತಾಸಿನಲ್ಲೂ ವಾಲ್ವಿನ ಹತ್ತಿರದ ಮನೆಗೆ ಜೋರು, ಕೊನೆಯ ಮನೆಗೆ ಸಣ್ಣ ಧಾರೆ. ಮಧ್ಯದಲ್ಲಿ ನಾಲ್ಕು ಮಂದಿ ನಳಕ್ಕೇ ಮೋಟಾರು ಹಚ್ಚಿ ಎಳೆದರೆ ಕೊನೆಯ ಮನೆಗೆ ಬರೀ ಗಾಳಿ. ನಳಕ್ಕೆ ನೇರವಾಗಿ ಮೋಟಾರು ಹಚ್ಚುವುದು ಕಾನೂನಿಗೆ ವಿರುದ್ಧ. ಆದರೂ ಹಚ್ಚುತ್ತಾರೆ. ಅವರ ಮೇಲೆ ಸಿಟ್ಟು ಮಾಡಿ ಉಪಯೋಗವಿಲ್ಲ, ಪಕ್ಕದವನು ಹಚ್ಚಿದ ಮೇಲೆ ಇವನು ಬಿಡುತ್ತಾನೆಯೇ?

ನಿಮಗೆ ಬಾಡಿಗೆಯ ಲೆಕ್ಕಕ್ಕಿಂತ ಮುಖ್ಯವಾದದ್ದು ಮುಂದಿದೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡವಿರುತ್ತದೆ. ಎಲ್ಲಿಯಾದರೂ ಜಾಯಿಂಟು ಸಡಿಲಿದ್ದರೆ ನೀರು ಹೊರಗೆ ಸೋರುತ್ತದೆ, ನಷ್ಟ ಅಷ್ಟೇ. ವಾಲ್ವು ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಹೋಗುತ್ತದೆ. ಆಗ ಅದೇ ಸಡಿಲು ಜಾಯಿಂಟಿನಿಂದ ಹೊರಗಿನದು ಒಳಗೆ ಬರುತ್ತದೆ. ಹೊರಗೆ ಇರುವುದೇನು? ನಮ್ಮ ಓಣಿಗಳಲ್ಲಿ ಕುಡಿಯುವ ನೀರಿನ ಪೈಪು ಗಟಾರದ ಪಕ್ಕದಲ್ಲೋ ಅಡಿಯಲ್ಲೋ ಹೋಗಿರುತ್ತದೆ. ಮೋಟಾರು ಹಚ್ಚಿ ಎಳೆದಾಗಲೂ ಇದೇ ಆಗುತ್ತದೆ, ಇನ್ನೂ ಜೋರಾಗಿ. ಅಮ್ಮಿನಬಾವಿಯಲ್ಲಿ ಎಷ್ಟೇ ಚೊಕ್ಕ ಮಾಡಿ ಕಳಿಸಿದರೂ ಕೊನೆಯ ನೂರು ಅಡಿಯಲ್ಲಿ ಕೆಡುವುದು ಹೀಗೆ.

ಇದು ನನ್ನ ಊಹೆಯಲ್ಲ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ಪ್ರಯೋಗವೆಂದು ದಿನದ 24 ತಾಸೂ ನೀರು ಕೊಡಲು ಶುರುಮಾಡಿದರು. ಒಂದೇ ಊರು, ಒಂದೇ ನದಿಯ ನೀರು. ಕೆಲವರಿಗೆ ಸದಾ, ಉಳಿದವರಿಗೆ ದಿನಗಟ್ಟಲೆ ಅಂತರ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಇಲ್ಲಿಗೆ ಬಂದು ಎರಡೂ ಕಡೆಯ ನಳದ ನೀರು ಹಿಡಿದು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಪಾಳಿ ನೀರಿನ ಓಣಿಗಳ ಮಾದರಿಗಳಲ್ಲಿ 31.7 ಶೇಕಡಾದಲ್ಲಿ ಇ-ಕೋಲಿ ಸಿಕ್ಕಿತು, ಅಂದರೆ ಮಲದ ಸೋಂಕಿನ ಗುರುತು. 24 ತಾಸಿನ ಓಣಿಗಳಲ್ಲಿ 0.7 ಶೇಕಡಾ. ನೀರು ಬಿಟ್ಟ ಮೊದಲ ಕೆಲವು ನಿಮಿಷದ ನೀರೇ ಹೆಚ್ಚು ಕೆಟ್ಟಿರುತ್ತದೆ ಎಂಬುದೂ ಕಂಡುಬಂತು. ಓಣಿಯ ಅಜ್ಜಿಯರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ. ‘ಮೊದಲಿನ ನೀರ ಗಿಡಕ್ಕ ಹಾಕು’ ಎಂದು ಅವರು ಹೇಳುತ್ತಿದ್ದದ್ದು ಅದಕ್ಕೇ.

ಎರಡನೇ ಸಂಗತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಸತ್ಯವಾಗುತ್ತದೆ. ಮುಂದೆ ಇದೇ ಊರಿನ ಸುಮಾರು ನಾಲ್ಕು ಸಾವಿರ ಮನೆಗಳ ಮಕ್ಕಳ ಆರೋಗ್ಯ ನೋಡಿದಾಗ ಸಾಮಾನ್ಯ ಭೇದಿಯಲ್ಲಿ ಎರಡೂ ಕಡೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಟೈಫಾಯ್ಡ್ ಮಾತ್ರ 24 ತಾಸಿನ ಕಡೆ ಕಡಿಮೆಯಿತ್ತು, ಬಡವರ ಮನೆಗಳಲ್ಲಿ ರಕ್ತಭೇದಿಯೂ ಕಡಿಮೆ. ಕೈ, ಕೊಡ, ಶೌಚಾಲಯ ಇವೂ ರೋಗ ತರುತ್ತವೆ, ನಳವೊಂದನ್ನೇ ದೂರಿ ಆಗದು. ಆದರೂ 71ರ ಹಿರಿಯರು, ಆರು ವರ್ಷದ ಹುಡುಗ ಇರುವ ಮನೆಗೆ ಟೈಫಾಯ್ಡ್‌ ಸಣ್ಣ ಮಾತಲ್ಲ.

ಇದರರ್ಥ 9,000ದ ಮನೆ ಬೇಡವೇ ಬೇಡ ಎಂದಲ್ಲ. ಅದನ್ನು ಹಿಡಿದರೆ ಏನೇನು ನೋಡಬೇಕು ಹೇಳುತ್ತೇನೆ.

ಸಂಪು ಎಷ್ಟು ದೊಡ್ಡದು? ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರು ಎಂಬುದು ಸರ್ಕಾರದ ಅಳತೆ. ನೀವು ಐದು ಮಂದಿ, ಐದು ದಿನ. ಹತ್ತಿರ ಹತ್ತಿರ 3,400 ಲೀಟರು ಬೇಕು. ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರು ಸಿಗುತ್ತದೆ. ಆರು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಆಳ ಇದ್ದರೆ ನಿಮಗೆ ಸರಿಯಾಗಿ ಸಾಲುತ್ತದೆ, ಒಂದು ಪಾಳಿಯೂ ತಪ್ಪದಿದ್ದರೆ! ತಪ್ಪುತ್ತದೆ. ಸಂಪು ಮಾಲೀಕರೊಂದಿಗೆ ಹಂಚಿಕೆಯೋ ನಿಮ್ಮದೇ ಒಂದೋ ಎಂಬುದನ್ನು ಮರೆಯದೆ ಕೇಳಿ. ಹಂಚಿಕೆಯ ಸಂಪಿನಿಂದ ಆಗುವ ಜಗಳಗಳನ್ನು ಬಗೆಹರಿಸಲು ನಾನು ಕಚೇರಿಯಲ್ಲಿ ಕೂತು ಚಹಾ ತಣ್ಣಗಾಗಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಸಂಪಿನ ಮುಚ್ಚಳ ತೆಗೆಸಿ ನೋಡಿ. ಅಂಗಳದ ನೆಲಕ್ಕಿಂತ ನಾಲ್ಕು ಬೆರಳಾದರೂ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಮಳೆಗಾಲದ ಧಾರವಾಡದಲ್ಲಿ ಅಂಗಳ ತೊಳೆದ ನೀರೆಲ್ಲ ಒಳಗೇ. ಸಂಪಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಅಂದಾಜಿನ ಮೇಲೆ ಮುಷ್ಟಿಗಟ್ಟಲೆ ಸುರಿಯುತ್ತಾರೆ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಹಾಕಿ ಅರ್ಧ ತಾಸು ಬಿಡಬೇಕು. ಕುಡಿಯುವುದನ್ನು ಹೇಗೂ ಕುದಿಸಿ ಆರಿಸಿಕೊಳ್ಳುತ್ತೀರಿ.

ಬೋರಿನ ನೀರನ್ನು ಒಂದು ಬಾಟಲಿಯಲ್ಲಿ ತಂದು ಬೇಳೆ ಬೇಯಿಸಿ ನೋಡಿ. ಗಡಸು ನೀರಾದರೆ ಬೇಳೆ ಹಟ ಹಿಡಿಯುತ್ತದೆ, ಸಾಬೂನು ನೊರೆ ಬಿಡುವುದಿಲ್ಲ, ಪಾತ್ರೆಗೆ ಬಿಳಿ ಪರೆ ಕಟ್ಟುತ್ತದೆ. ಬಟ್ಟೆ-ಪಾತ್ರೆಗೆ ಅದು ಪರವಾಗಿಲ್ಲ. ಬೋರು ಹಳೆಯ ಶೌಚದ ಗುಂಡಿಯಿಂದ ಐವತ್ತು ಅಡಿಯಾದರೂ ದೂರವಿದೆಯೇ ಎಂದು ನೋಡಿ, ಇಲ್ಲದಿದ್ದರೆ ಬಾಯಿಗೆ ಹಾಕಲೇಬೇಡಿ. ಮಲಪ್ರಭೆಯ ನಳದ ನೀರಿಗೆ ಆರ್‌ಒ ಯಂತ್ರ ಕೊಳ್ಳಲು ಹೋಗಬೇಡಿ. ಅದು ನದಿಯ ಮೆದು ನೀರು, ಸೋಸಿ ಕುದಿಸಿದರೆ ಸಾಕು. ಐದು ದಿನ ಕಾದು ಹಿಡಿದ ನೀರಿನಲ್ಲಿ ಒಂದಿಷ್ಟನ್ನು ಯಂತ್ರಕ್ಕೆ ಕೊಟ್ಟು ಮೋರಿಗೆ ಬಿಡುವುದು ನನಗಂತೂ ನೋಡಲಾಗುವುದಿಲ್ಲ.

ಈಗ 12,000ದ ಮನೆಗೆ ಬನ್ನಿ. 24 ತಾಸು ಎಂಬ ಮಾತನ್ನೂ ನಂಬಿ ಸುಮ್ಮನಾಗಬೇಡಿ. ಪ್ರಯೋಗದ ವಾರ್ಡುಗಳಾಚೆ ಇಡೀ ಅವಳಿನಗರಕ್ಕೆ ಈ ಪದ್ಧತಿ ತರಲು ವರ್ಷಗಳಿಂದ ರಸ್ತೆ ಅಗೆದು ಹೊಸ ಪೈಪು ಹಾಕುವ ಕೆಲಸ ನಡೆದಿದೆ. ಎಷ್ಟೋ ಮನೆಗಳ ಮುಂದೆ ಹೊಸ ಮೀಟರು ಬಂದು ಕೂತಿದೆ, ನೀರು ಇನ್ನೂ ಹಳೆಯ ಪಾಳಿಯಲ್ಲೇ. ಮಾಲೀಕರು ಮೀಟರು ತೋರಿಸಿ ‘24 ತಾಸಿಂದು’ ಅಂದುಬಿಡುತ್ತಾರೆ. ನೀವು ಮಾಡಬೇಕಾದದ್ದು ಇಷ್ಟೇ. ಮಧ್ಯಾಹ್ನ ಮೂರಕ್ಕೆ ಹೇಳದೆ ಹೋಗಿ, ಟ್ಯಾಂಕಿಗೆ ಸೇರುವ ಮುಂಚಿನ ಕೆಳಗಿನ ನಳವನ್ನು ತಿರುಗಿಸಿ. ಬಂದರೆ ನಿಜ. ಮೇಲೆ ಹತ್ತಿ ಅಡುಗೆಮನೆಯ ನಳ ನೋಡಿದರೆ ಟ್ಯಾಂಕಿನ ನೀರು ಕಾಣಿಸುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಮೊದಲ ಮಹಡಿಗೆ ನಳದ ಒತ್ತಡವೇ ಏರುತ್ತದೋ ಮೋಟಾರು ಬೇಕೋ ಎಂಬುದನ್ನೂ ಅಲ್ಲೇ ಕೇಳಿ.

24 ತಾಸು ನೀರು ಬಂದದ್ದು ಹೆಚ್ಚು ನೀರು ಸಿಕ್ಕಿದ್ದರಿಂದಲ್ಲ, ಪೈಪು ಬದಲಿಸಿದ್ದರಿಂದ. ಜನರಿಗೆ ಇದು ಸುಲಭಕ್ಕೆ ನಂಬಿಕೆಯಾಗುವುದಿಲ್ಲ. ಪಾಳಿಯ ಓಣಿಯಲ್ಲಿ ನಳ ಬಂದ ದಿನ ಏನು ನಡೆಯುತ್ತದೆ ನೋಡಿ: ಹಿಂದಿನ ಪಾಳಿಯ ಉಳಿದ ನೀರನ್ನು ‘ಹಳೇದು’ ಎಂದು ಅಂಗಳಕ್ಕೆ ಚೆಲ್ಲಿ, ಹೊಸದನ್ನು ತುಂಬುತ್ತಾರೆ. ತುಂಬಿದ ಮೇಲೂ ನಳ ತಿರುಗಿಸಿ ಮುಚ್ಚುವವರು ಕಡಿಮೆ. ಯಾವಾಗ ಬೇಕಾದರೂ ಬರುತ್ತದೆ ಎಂದು ಗೊತ್ತಾದ ಮನೆಯಲ್ಲಿ ಯಾರೂ ಚೆಲ್ಲುವುದಿಲ್ಲ, ಕೊಡಗಳ ಸಾಲು ತಾನಾಗಿಯೇ ಅಟ್ಟ ಸೇರುತ್ತದೆ.

ಆದರೆ ಅಲ್ಲಿ ಮೀಟರಿದೆ, ಅಳತೆಯ ಮೇಲೆ ಬಿಲ್ಲು, ಬಳಕೆ ಏರಿದಂತೆ ದರವೂ ಏರುತ್ತದೆ. ಒಂದು ಯುನಿಟ್ ಅಂದರೆ ಸಾವಿರ ಲೀಟರು. ಮನೆ ಹಿಡಿದ ದಿನವೇ ಮೀಟರಿನ ಫೋಟೋ ತೆಗೆದಿಡಿ. ಎಲ್ಲ ನಳ ಮುಚ್ಚಿ ಮೀಟರಿನ ಸಣ್ಣ ಚಕ್ರ ನೋಡಿ. ತಿರುಗುತ್ತಿದ್ದರೆ ಎಲ್ಲೋ ಸೋರಿಕೆ. ನಾನೇ ನನ್ನ ಮನೆಯಲ್ಲಿ ಎರಡು ಬಿಲ್ಲು ಜಾಸ್ತಿ ಬಂದವೆಂದು ಮೀಟರ್ ಓದುವ ಹುಡುಗನಿಗೆ ದಬಾಯಿಸಿದ್ದೆ. ಕೊನೆಗೆ ನೋಡಿದರೆ ಬಚ್ಚಲಿನ ಫ್ಲಶ್ ಟ್ಯಾಂಕಿನ ರಬ್ಬರು ಹೋಗಿ ಹಗಲು-ರಾತ್ರಿ ಸದ್ದಿಲ್ಲದೆ ಹರಿಯುತ್ತಿತ್ತು. ನೀರಿನ ಇಂಜಿನಿಯರನ ಮನೆ! ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಮನೆ ಯಾವುದೇ ಆಗಲಿ, ನೀರಿನ ಬಾಕಿ ಮನೆಗೆ ಅಂಟಿಕೊಂಡಿರುತ್ತದೆ, ಹಿಂದಿನ ಬಾಡಿಗೆದಾರರ ಬೆನ್ನಿಗಲ್ಲ. ಕೊನೆಯ ನೀರಿನ ಬಿಲ್ಲು ತೋರಿಸಿ ಎಂದು ಮಾಲೀಕರನ್ನು ಕೇಳಿ. ‘ಅದೇನ ನಾ ನೋಡ್ಕೋತೀನಿ ಬಿಡ್ರಿ’ ಎಂದರೆ ಬಿಡಬೇಡಿ. ಬಾಕಿ ಎಷ್ಟೆಂದು ನೋಡಿ, ಕರಾರು ಪತ್ರದಲ್ಲಿ ಒಂದು ಸಾಲು ಬರೆಸಿ.

ಧಾರವಾಡಕ್ಕೆ ಬೇರೆ ಮಹಾನಗರ ಪಾಲಿಕೆ ಆಗುತ್ತದೆಯಲ್ಲ, ಆಗ ನೀರು ಸುಧಾರಿಸುತ್ತದೆ ಎಂದು ನಿಮಗೆ ಯಾರಾದರೂ ಹೇಳಿಯಾರು. 1962ರಿಂದ ಎರಡೂ ಊರಿಗೆ ಒಂದೇ ಪಾಲಿಕೆಯಿತ್ತು, ಬೇರೆ ಮಾಡಲು ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿತು. ಒಳ್ಳೆಯದೇ, ಆದರೆ ನದಿ ಅದೇ, ಅಮ್ಮಿನಬಾವಿ ಅದೇ. ಮಹದಾಯಿ ನೀರಿನ ಮಾತೂ ಬರುತ್ತದೆ. 2018ರಲ್ಲಿ ನ್ಯಾಯಮಂಡಳಿ ಕಳಸಾ ನಾಲೆಯಿಂದ 1.72, ಬಂಡೂರಿ ನಾಲೆಯಿಂದ 2.18 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸಿ ಕುಡಿಯಲು ಬಳಸಬಹುದು ಎಂದಿದೆ. ಆ ನೀರು ನಿಮ್ಮ ನಳಕ್ಕೆ ಬಂದ ದಿನ ನನಗೊಂದು ಪತ್ರ ಬರೆಯಿರಿ. ಸದ್ಯಕ್ಕೆ ಅದನ್ನು ನಂಬಿ ಮನೆ ಹಿಡಿಯುವುದು ಬೇಡ.

ಕರೆಂಟಿನ ವಿಷಯಕ್ಕೆ ಬರೋಣ. ಇಲ್ಲಿ ಹೆಸ್ಕಾಂ. ಅದರ ಮುಖ್ಯ ಕಚೇರಿ ಹುಬ್ಬಳ್ಳಿಯ ನವನಗರದಲ್ಲೇ ಇದೆ. ದೂರಿಗೆ 1912. ನಿಮ್ಮ ದಾವಣಗೆರೆಯ ಬೆಸ್ಕಾಂಗೂ ಅದೇ ನಂಬರು. ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಭಾಗಕ್ಕೆ ಬೇರೆ ಆರ್‌ಆರ್ ನಂಬರಿನ (ಬಿಲ್ಲಿನ ಮೇಲಿರುವ ಸಂಪರ್ಕದ ನಂಬರು) ಮೀಟರು ಇದೆಯೇ, ಇಲ್ಲ ಮಾಲೀಕರ ಮೀಟರಿನಿಂದಲೇ ಸಬ್‌ಮೀಟರೇ? ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಸಿಗುವುದು ಆರ್‌ಆರ್ ನಂಬರಿಗೆ. 2022-23ರ ಸರಾಸರಿ ಬಳಕೆಗೆ ಮೊದಲು ಹತ್ತು ಶೇಕಡಾ ಸೇರಿಸಿ ಉಚಿತ ಪಾಲು ಕಟ್ಟಿದ್ದರು, 2024ರಲ್ಲಿ ಅದನ್ನು ಹತ್ತು ಯುನಿಟ್ ಎಂದು ಬದಲಿಸಿದರು. ಪಾಲು ದಾಟಿದರೂ 200ರೊಳಗಿದ್ದರೆ ಹೆಚ್ಚಿದ್ದಕ್ಕಷ್ಟೇ ದುಡ್ಡು, 200 ದಾಟಿತೋ ಪೂರ್ತಿ ಬಿಲ್ಲು. ಒಂದೇ ಮೀಟರಿನಲ್ಲಿ ಎರಡು ಸಂಸಾರ ತಲಾ 110 ಯುನಿಟ್ ಸುಟ್ಟರೆ 220 ಆಯಿತು, ಇಬ್ಬರಿಗೂ ಉಚಿತದ ಲಾಭ ಸೊನ್ನೆ. ಬೇರೆ ಬೇರೆ ಇದ್ದಿದ್ದರೆ ಇಬ್ಬರೂ ಯೋಜನೆಯೊಳಗೇ ಇರುತ್ತಿದ್ದರು. ನಿಮ್ಮ ಹೊಲಿಗೆ ಯಂತ್ರದ ಮೋಟಾರು, ಇಸ್ತ್ರಿ ಪೆಟ್ಟಿಗೆ ಲೆಕ್ಕ ಹಿಡಿದರೆ ಇದು ಸಣ್ಣ ವಿಷಯವಲ್ಲ. ಬಾಡಿಗೆದಾರರೂ ಅರ್ಜಿ ಹಾಕಬಹುದು, ಕರಾರು ಪತ್ರ ಬೇಕು. ಹಿಂದೆ ಇದ್ದವರ ಆಧಾರ್ ಆ ನಂಬರಿಗೆ ಜೋಡಣೆಯಾಗಿ ಉಳಿದಿದ್ದರೆ ಮೊದಲು ಅದನ್ನು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಬಿಡಿಸಬೇಕು. ದಾವಣಗೆರೆಯ ಮನೆಯಲ್ಲಿ ನಿಮ್ಮ ಜೋಡಣೆಯನ್ನೂ ಬಿಡಿಸಿಯೇ ಬನ್ನಿ.

ಮತ್ತೊಂದು: ಆ ಬೋರಿನ ಮೋಟಾರು ಯಾರ ಮೀಟರಿಗೆ ಜೋಡಿಸಿದೆ? ಒಂದೂವರೆ ಎಚ್‌ಪಿ ಮೋಟಾರು ದಿನಕ್ಕೆ ಒಂದು ತಾಸು ಓಡಿದರೆ ತಿಂಗಳಿಗೆ ಮೂವತ್ತು ಚಿಲ್ಲರೆ ಯುನಿಟ್ಟು. ಮಾಲೀಕರ ತೆಂಗಿನ ಗಿಡಗಳಿಗೂ ನಿಮ್ಮ ಮೀಟರಿನಿಂದ ನೀರು ಹೋಗುತ್ತಿರಬಾರದು.

ಶಾಲೆ. ಇಲ್ಲಿ ಒಂದು ಗೊಂದಲವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ‘ಟಿಸಿ ಬಂದಿಲ್ಲ’ ಅಂದರೆ ಟ್ರಾನ್ಸ್‌ಫಾರ್ಮರು ಬಂದಿಲ್ಲ ಎಂದೂ ಅರ್ಥ. ನಿಮಗೆ ಬೇಕಾದದ್ದು ಶಾಲೆಯ ಟಿಸಿ, ಅಂದರೆ ವರ್ಗಾವಣೆ ಪತ್ರ. ಮಗಳ ಈಗಿನ ಶಾಲೆಯಲ್ಲಿ ಎಸ್‌ಎಟಿಎಸ್ ನಂಬರು (ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿನ ನಂಬರು) ಬರೆದುಕೊಳ್ಳಿ. ಟಿಸಿ ಅದರ ಮೂಲಕವೇ ಹೊರಡುತ್ತದೆ, ಇಲ್ಲಿನ ಶಾಲೆ ಅದರಲ್ಲೇ ಸೇರಿಸಿಕೊಳ್ಳುತ್ತದೆ. ಟಿಸಿ ತಡವಾಯಿತೆಂದು ಎಂಟನೇ ತರಗತಿವರೆಗಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮಿನಲ್ಲೇ ಇದೆ. ಮುಖ್ಯಗುರುಗಳ ಮುಂದೆ ಜಗಳಕ್ಕಲ್ಲ, ನೆನಪಿಗೆ ಮಾತ್ರ ಹೇಳಿ.

ಮಗನಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಎಂಬುದು ನಿಯಮ. 2025-26ರಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಜನನ ಪ್ರಮಾಣಪತ್ರ ಕೈಯಲ್ಲಿರಲಿ. ಖಾಸಗಿ ಶಾಲೆಯಲ್ಲಿ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟು ಸಿಗುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದ್ದರೆ ಬಿಟ್ಟುಬಿಡಿ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಎಂದು 2019-20ರಿಂದ ಆಗಿದೆ. ಧಾರವಾಡದಲ್ಲಿ ಶಾಲೆಯಿಲ್ಲದ ಓಣಿ ಹುಡುಕುವುದು ಕಷ್ಟ.

ಮಗಳ ಮಾಧ್ಯಮದ ಬಗ್ಗೆ ನೀವು ಬರೆದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ, ಊರು ಬದಲಾದ ವರ್ಷವೇ ಮಾಧ್ಯಮವನ್ನೂ ಬದಲಿಸಬೇಡಿ ಎಂದು ನಿವೃತ್ತ ಮುಖ್ಯಗುರು ಗೆಳೆಯರೊಬ್ಬರು ಹೇಳಿದರು, ನನಗೂ ಸರಿ ಅನ್ನಿಸಿತು. ಇಲ್ಲಿಯ ಹಳೆಯ ಅನುದಾನಿತ ಶಾಲೆಗಳನ್ನು ಹೊರಗಿನವರು ಕಡೆಗಣಿಸುತ್ತಾರೆ. ಮುಂಬಯಿ ಪ್ರಾಂತದ ಕಾಲದಿಂದಲೂ ಈ ಊರಿಗೆ ಕನ್ನಡ ಶಾಲೆಯ ಅಭಿಮಾನ ದೊಡ್ಡದು. ಆಗ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಕೇಳಿರುತ್ತೀರಿ. ಫೀ ಕಡಿಮೆ, ಮೈದಾನ ಇರುತ್ತದೆ, ಮಾಸ್ತರು ಇರುತ್ತಾರೆ. ಮಾಸ್ತರು ಇದ್ದಾರೆಯೇ ಎಂದು ಮಾತ್ರ ಖಾತ್ರಿ ಮಾಡಿಕೊಳ್ಳಿ, ನಿವೃತ್ತರಾದವರ ಜಾಗ ಖಾಲಿ ಉಳಿದ ಶಾಲೆಗಳೂ ಇವೆ. ಆರು, ಏಳರ ಗಣಿತ ಯಾರು ಹೇಳುತ್ತಾರೆ ಎಂದು ಕೇಳಿದರೆ ಉತ್ತರದಲ್ಲೇ ಎಲ್ಲ ತಿಳಿಯುತ್ತದೆ.

ಉಳಿದವು ಚಿಕ್ಕವು. ಅತ್ತೆಯವರಿಗೆ ಧಾರವಾಡದ ಜಿಲ್ಲಾ ಆಸ್ಪತ್ರೆಯಿದೆ. ದೊಡ್ಡದಾದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಅದರ ಮುಂದೆಯೇ ನಿಲ್ಲುತ್ತದೆ. ಬಿಲ್ಲುಗಳನ್ನು ಕಟ್ಟಲು ಕರ್ನಾಟಕ ಒನ್ ಕೇಂದ್ರಗಳಿವೆ. ಕಸದ ಗಾಡಿ ಬೆಳಿಗ್ಗೆ ಬರುತ್ತದೆ, ಹಸಿ-ಒಣ ಬೇರೆ ಇಡಿ. ಕಸದ ಶುಲ್ಕ ಮಾಲೀಕರ ಆಸ್ತಿ ತೆರಿಗೆಯ ಜೊತೆಗೇ ಹೋಗುತ್ತದೆ, ನಿಮ್ಮಿಂದ ಮತ್ತೆ ಕೇಳಿದರೆ ರಸೀದಿ ಕೇಳಿ.

ಇನ್ನು ಮೂರು ಸಾವಿರದ ಪ್ರಶ್ನೆ. ಪಾಳಿ ಡ್ಯೂಟಿಯ ಗಂಡ, ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಕ್ಕಳು. ನಳ ಬರುವ ದಿನ ನೀರು ಹಿಡಿಯುವವರು ಯಾರು? ನೀವೇ. ನಳ ಬೆಳಗಿನ ನಾಲ್ಕಕ್ಕೆ ಬಂದರೂ ನೀವೇ, ಮಧ್ಯಾಹ್ನ ಒಂದಕ್ಕೆ ಬಂದರೂ ನೀವೇ. ಅವತ್ತು ಹೊಲಿಗೆ ಅರ್ಧಕ್ಕೆ ನಿಲ್ಲುತ್ತದೆ, ಹಿಂದಿನ ದಿನ ಊರಿಗೆ ಹೋಗಲಾಗುವುದಿಲ್ಲ, ಮುಂದಿನ ದಿನ ಸೊಂಟ ಏಳುವುದಿಲ್ಲ. ತಿಂಗಳಿಗೆ ಆರು ಪಾಳಿ ಎಂದರೂ ಅಷ್ಟು ದಿನದ ನಿಮ್ಮ ದುಡಿಮೆಯ ಲೆಕ್ಕ ಹಾಕಿ, ಮೇಲೆ ಮಳೆ ಕೈಕೊಟ್ಟ ಬೇಸಿಗೆಯ ಟ್ಯಾಂಕರಿನ ಖರ್ಚು ಸೇರಿಸಿ. ಮೂರು ಸಾವಿರದಲ್ಲಿ ಉಳಿಯುವುದು ಬಹಳ ಇಲ್ಲ. ನನ್ನ ಮಗಳಾಗಿದ್ದರೆ ಚಿಕ್ಕ ಮನೆಯನ್ನೇ ಹಿಡಿ ಎನ್ನುತ್ತಿದ್ದೆ, ಮಧ್ಯಾಹ್ನ ಮೂರರ ಪರೀಕ್ಷೆಯಲ್ಲಿ ಆ ಮನೆ ಪಾಸಾದರೆ. ಮೆಟ್ಟಿಲು ಅತ್ತೆಯವರ ಮಂಡಿಗೆ ಆಗುತ್ತದೆಯೇ ಎಂಬುದನ್ನು ಮಾತ್ರ ಅವರನ್ನೇ ಕರೆದುಕೊಂಡು ಹೋಗಿ ನೋಡಿ, ನಾನು ಹೇಳಲಾರೆ.

ಆಗದೆಂದರೆ, ಅಂಗಳದ ಮನೆಯೇ ಆಗಲಿ. ಆದರೆ ಮುಂಗಡ ಕೊಡುವ ಮುನ್ನ ನಳ ಬರುವ ದಿನ ಯಾವುದೆಂದು ಕೇಳಿ, ಅವತ್ತೇ ಹೋಗಿ. ಮಾಲೀಕರ ಮಾತು ಬೇಡ, ಎದುರು ಮನೆಯ ಅವ್ವನ ಕಟ್ಟೆಯ ಮೇಲೆ ಕೂತುಕೊಳ್ಳಿ. ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ನಿಂತಿತು, ಕೊನೆಯ ಮನೆಯವರು ಯಾವ ದನಿಯಲ್ಲಿ ಮಾತಾಡುತ್ತಿದ್ದಾರೆ ಎಂದು ಅಲ್ಲಿಂದ ಚೆನ್ನಾಗಿ ಕೇಳಿಸುತ್ತದೆ. ಒಂದು ಖಾಲಿ ಕೊಡವನ್ನೂ ಜೊತೆಗೆ ಒಯ್ಯಿರಿ. ಅದು ತುಂಬಲು ಎಷ್ಟು ನಿಮಿಷ ಬೇಕಾಯಿತು ಎಂದು ಗಡಿಯಾರ ನೋಡಿ. ಹದಿನೈದು ಲೀಟರಿನ ಕೊಡ ಮೂರು ನಿಮಿಷ ತೆಗೆದುಕೊಂಡರೆ ಎರಡು ತಾಸಿಗೆ 600 ಲೀಟರು. ನಿಮಗೆ ಬೇಕಾದದ್ದು 3,400.